ತೂಕ ಸರಿಯಿತ್ತು, ಸುತ್ತಳತೆ ಸರಿಯಿರಲಿಲ್ಲ

ನನ್ನ ಎತ್ತರ 170 ಸೆಂಟಿಮೀಟರ್, ತೂಕ 64 ಕಿಲೋ. ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಬಿಎಂಐ ಲೆಕ್ಕದಲ್ಲಿ ಇದು 22.1 ಆಗುತ್ತದೆ. ಭಾರತೀಯರಿಗೆ ಆರೋಗ್ಯಕರವೆಂದು ಹೇಳುವ ಮಿತಿ 22.9. ಹಾಗಾಗಿ ನಾನು ಕೆಲಸ ಮಾಡುವ ಬ್ಯಾಂಕಿನ ವಾರ್ಷಿಕ ಆರೋಗ್ಯ ತಪಾಸಣೆಯ ವರದಿಯಲ್ಲಿ ನನ್ನ ಹೆಸರಿನ ಮುಂದೆ ಬಹಳ ಕಾಲದಿಂದ ‘ತೂಕ ಸಾಮಾನ್ಯ’ ಎಂಬ ಒಂದೇ ಷರಾ ಬರುತ್ತಿತ್ತು. ಅಂಗಿಯ ತೋಳುಗಳು ಜೋಲಾಡುತ್ತಿದ್ದರೂ ಹೊಟ್ಟೆಯ ಮೇಲಿನ ಗುಂಡಿ ಮಾತ್ರ ಎಳೆದು ನಿಲ್ಲುತ್ತಿದ್ದುದನ್ನು ಆ ವರದಿಯಲ್ಲಿ ಬರೆಯುವುದಕ್ಕೆ ಯಾವ ಅಂಕಣವೂ ಇರಲಿಲ್ಲ. ನಲವತ್ತು ದಾಟಿದ ಗಂಡಸಿಗೆ ಹೊಟ್ಟೆ ಬರುವುದನ್ನು ನಮ್ಮ ಕಡೆ ಸುಖದ ಲಕ್ಷಣವೆಂದೇ ಎಣಿಸುತ್ತಾರೆ. ನನಗೆ ನಲವತ್ತೇಳಾಗಿತ್ತು.

ಆ ವರ್ಷದ ರಕ್ತಪರೀಕ್ಷೆಯಲ್ಲಿ ಬರಿಹೊಟ್ಟೆಯ ಸಕ್ಕರೆ 108 ಎಂದು ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1, ರಕ್ತದಲ್ಲಿ ಹರಿಯುವ ಕೊಬ್ಬಾದ ಟ್ರೈಗ್ಲಿಸರೈಡ್ 212, ಒಳ್ಳೆಯ ಕೊಲೆಸ್ಟರಾಲ್ ಎಂದು ಕರೆಯುವ ಎಚ್‌ಡಿಎಲ್ ಬರೀ 34. ಸಕ್ಕರೆ ಕಾಯಿಲೆಯೆಂದು ಹೇಳಲು ಎಚ್‌ಬಿಎ1ಸಿ 6.5 ಆಗಬೇಕು, 5.7ರಿಂದ 6.4ರವರೆಗಿನದ್ದು ಅದರ ಹೊಸ್ತಿಲು. ಮದ್ಯವಾಗಲಿ ಸಿಗರೇಟಾಗಲಿ ಅಭ್ಯಾಸವಿಲ್ಲದ, ತೂಕವೂ ಸರಿಯಿರುವ ಒಬ್ಬನ ರಕ್ತದಲ್ಲಿ ಈ ಅಂಕಿಗಳು ಏಕೆ ಬಂದವೆಂದು ಕೇಳಲು, ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆಯವರೆಲ್ಲ ತೋರಿಸಿಕೊಳ್ಳುವ ವೈದ್ಯೆಯ ಬಳಿಗೆ ವರದಿ ಹಿಡಿದು ಹೋದೆ.

ಅವರು ಹಾಳೆಗಳನ್ನು ಒಮ್ಮೆ ತಿರುವಿ, ‘ನಿಮ್ಮ ಸೊಂಟದ ಅಳತೆ ಎಷ್ಟು ಸರ್?’ ಎಂದು ಕೇಳಿದರು. ಪ್ಯಾಂಟಿನ ಸೈಜು 34 ಎಂದೆ. ‘ಅದು ನಿಮ್ಮ ಪ್ಯಾಂಟಿನ ಅಳತೆ ಸರ್, ನಿಮ್ಮದಲ್ಲ’ ಎಂದು ನಕ್ಕು, ನರ್ಸಮ್ಮನನ್ನು ಕರೆದರು.

ಈ ಅಳತೆಯನ್ನು ಹೇಗೆ ತೆಗೆಯಬೇಕೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಮನೆಯಲ್ಲಿ ಮಾಡಿಕೊಳ್ಳಬಹುದಾದ, ಹಣ ಖರ್ಚಾಗದ ಪರೀಕ್ಷೆ ಇದೊಂದೇ. ಅಂಗಿ ಮೇಲೆತ್ತಿ, ಬೆಲ್ಟ್ ಸಡಿಲಿಸಿ, ಎರಡೂ ಪಾದಗಳ ಮೇಲೆ ಸಮನಾಗಿ ಭಾರ ಬಿಟ್ಟು ನಿಲ್ಲಬೇಕು. ನರ್ಸಮ್ಮ ನನ್ನ ಪಕ್ಕೆಯಲ್ಲಿ ಬೆರಳಾಡಿಸಿ ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನು ಹುಡುಕಿ ಪೆನ್ನಿನಿಂದ ಒಂದು ಗೆರೆ ಹಾಕಿದರು, ಆಮೇಲೆ ಸೊಂಟದ ಎಲುಬಿನ ಮೇಲ್ತುದಿಯನ್ನು ಒತ್ತಿ ನೋಡಿ ಅಲ್ಲೊಂದು ಗೆರೆ, ಎರಡರ ಸರಿಮಧ್ಯದಲ್ಲಿ ಮೂರನೆಯ ಗೆರೆ. ಟೇಪು ಸುತ್ತಬೇಕಾದದ್ದು ಆ ಮೂರನೆಯ ಗೆರೆಯ ಮೇಲೆ. ಅದು ಬೆನ್ನ ಹಿಂದೆಯೂ ನೆಲಕ್ಕೆ ಸಮಾನಾಂತರವಾಗಿರಬೇಕು, ಚರ್ಮಕ್ಕೆ ತಾಗಬೇಕು, ಆದರೆ ಒತ್ತಬಾರದು. ಮಾಮೂಲಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ಓದಬೇಕು. ಅಳತೆಯ ಟೇಪು ಕಂಡೊಡನೆ ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದು ಗಂಡಸರಿಗೆಲ್ಲ ಇರುವ ಅಭ್ಯಾಸವೇನೋ. ‘ಉಸಿರು ಬಿಡಿ ಸರ್, ಇನ್ನೂ ಬಿಟ್ಟಿಲ್ಲ’ ಎಂದು ಅವರು ಹೇಳಬೇಕಾಯಿತು. ಬಂದದ್ದು 93 ಸೆಂಟಿಮೀಟರ್, ಅಂದರೆ ಮೂವತ್ತಾರೂವರೆ ಇಂಚು. ನನ್ನ ಪ್ಯಾಂಟು ಹೊಟ್ಟೆಯ ಕೆಳಗೆ, ಹೊಟ್ಟೆಯನ್ನು ಮುಂದಕ್ಕೆ ಬಿಟ್ಟು ಕೂರುತ್ತಿದ್ದುದರಿಂದ ಅದರ ಸೈಜಿಗೆ ಈ ಸುದ್ದಿ ಮುಟ್ಟಿರಲೇ ಇಲ್ಲ. ಪೃಷ್ಠದ ಅತ್ಯಂತ ಅಗಲದ ಭಾಗದಲ್ಲಿ ಸುತ್ತಿದಾಗ ಬಂದದ್ದು 91. ಸೊಂಟವನ್ನು ಪೃಷ್ಠದಿಂದ ಭಾಗಿಸಿದರೆ ಒಂದಕ್ಕಿಂತ ಹೆಚ್ಚು.

ನಮ್ಮ ದೇಶದ ಗಂಡಸರಿಗೆ ಸೊಂಟದ ಮಿತಿ 90 ಸೆಂಟಿಮೀಟರ್, ಹೆಂಗಸರಿಗೆ 80. ಸೊಂಟ ಮತ್ತು ಪೃಷ್ಠದ ಅನುಪಾತಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಗಂಡಸರಲ್ಲಿ 0.90, ಹೆಂಗಸರಲ್ಲಿ 0.85. ಇವೆಲ್ಲ ನೆನಪಿರುವುದಿಲ್ಲ ಎನ್ನುವವರಿಗೆ ಇನ್ನೊಂದು ಸುಲಭದ ಲೆಕ್ಕವಿದೆ: ಸೊಂಟದ ಸುತ್ತಳತೆ ನಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ನನ್ನ ಅರ್ಧ 85. ಮೂರು ಲೆಕ್ಕದಲ್ಲೂ ನಾನು ಗೆರೆಯ ಆಚೆಗೇ ಇದ್ದೆ.

ವೈದ್ಯೆ ಆಮೇಲೆ ಮಂಚದ ಮೇಲೆ ಮಲಗಿಸಿ ಹೊಟ್ಟೆಯ ಚರ್ಮವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ನೋಡಿದರು. ಕೈಗೆ ಸಿಕ್ಕಿದ್ದು ತೆಳುವಾದ ಒಂದು ಮಡಿಕೆ ಮಾತ್ರ. ಅದರ ಕೆಳಗೆ ಹೊಟ್ಟೆ ಗಟ್ಟಿಯಾಗಿ ಉಬ್ಬಿತ್ತು. ಗಟ್ಟಿಯಿದೆಯೆಂದರೆ ಒಳ್ಳೆಯದೇ ಅಲ್ಲವೇ ಎಂಬ ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರದಿಂದಲೇ ನನಗೆ ಈ ವಿಷಯದ ತಿರುಳು ತಿಳಿದದ್ದು. ಚಿವುಟಿದರೆ ಕೈಗೆ ಸಿಗುವುದು ಚರ್ಮದಡಿಯ ಕೊಬ್ಬು. ಚಿವುಟಲು ಸಿಗದೆ ಹೊಟ್ಟೆಯ ಸ್ನಾಯುವನ್ನು ಒಳಗಿನಿಂದ ಮುಂದಕ್ಕೆ ದೂಡುವುದು ಕರುಳಿನ ಪದರಗಳ ನಡುವೆ, ಲಿವರಿನ ಸುತ್ತ ಕೂತ ಒಳಗೊಬ್ಬು. ಎರಡೂ ಕೊಬ್ಬೇ ಆದರೂ ಅವುಗಳ ನಡವಳಿಕೆ ಬೇರೆ. ಒಳಗೊಬ್ಬು ಬೇಗನೆ ಕರಗಿ ಕೊಬ್ಬಿನಾಮ್ಲಗಳನ್ನು ಹೊರಬಿಡುತ್ತದೆ, ಆ ಭಾಗದ ರಕ್ತ ದೇಹವನ್ನೆಲ್ಲ ಸುತ್ತದೆ ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಲಿವರಿಗೇ ಹೋಗುತ್ತದೆ. ಹೀಗೆ ಹಗಲಿರುಳು ಕೊಬ್ಬು ಸುರಿದ ಲಿವರು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ, ರಾತ್ರಿಯೆಲ್ಲ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಟ್ರೈಗ್ಲಿಸರೈಡನ್ನೂ ಹೆಚ್ಚಾಗಿ ಕಟ್ಟಿ ಕಳುಹಿಸುತ್ತದೆ. ನನ್ನ ವರದಿಯ ನಾಲ್ಕೂ ಅಂಕಿಗಳಿಗೆ ಒಂದೇ ಮೂಲ ಇರಬಹುದೆಂದು ಅವರು ಹೇಳಿದ್ದು ಈ ಕಾರಣಕ್ಕೆ.

ಬಿಎಂಐ ಎಂಬ ಸೂತ್ರಕ್ಕೆ ಇದೊಂದೂ ತಿಳಿಯುವುದಿಲ್ಲ. ತಿಳಿಯಬೇಕೆಂದು ಅದನ್ನು ಮಾಡಿಯೂ ಇರಲಿಲ್ಲ. 1830ರ ದಶಕದಲ್ಲಿ ಅದನ್ನು ಹೊಸೆದ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದ ಮನುಷ್ಯ. ಆತನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. ಅದಕ್ಕೆ ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲೇ, 1947ರಲ್ಲಿ, ಫ್ರಾನ್ಸಿನ ಮಾರ್ಸೇಯ ವೈದ್ಯ ಜಾನ್ ವಾಗ್, ಬೊಜ್ಜು ಎಷ್ಟಿದೆ ಎನ್ನುವುದರ ಜೊತೆಗೆ ಎಲ್ಲಿದೆ ಎನ್ನುವುದನ್ನೂ ನೋಡಬೇಕು, ಮೈಯ ಮೇಲ್ಭಾಗದಲ್ಲಿ ಕೊಬ್ಬು ತುಂಬಿಕೊಂಡವರಿಗೇ ಸಕ್ಕರೆ ಕಾಯಿಲೆ, ರಕ್ತನಾಳದ ಕಾಯಿಲೆಗಳು ಹೆಚ್ಚು ಎಂದು ಬರೆದಿದ್ದ. ಆತನ ಮಾತು ವೈದ್ಯಲೋಕದ ಗಮನಕ್ಕೆ ಬರಲು ದಶಕಗಳೇ ಬೇಕಾದವು, ಕಚೇರಿಯ ತಪಾಸಣೆಯ ನಮೂನೆಗಳಿಗೆ ಅದು ಇಂದಿಗೂ ಬಂದಿಲ್ಲ.

ವೈದ್ಯೆ ಬರೆದುಕೊಟ್ಟ ಮೊದಲ ಪರೀಕ್ಷೆ ಹೊಟ್ಟೆಯ ಅಲ್ಟ್ರಾಸೌಂಡ್. ಸ್ಕ್ಯಾನ್ ಮಾಡಿದವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಲಿವರನ್ನೂ ಅದರ ಪಕ್ಕದ ಬಲಗಡೆಯ ಮೂತ್ರಪಿಂಡವನ್ನೂ ಒಟ್ಟಿಗೆ ತೋರಿಸಿದರು. ಆರೋಗ್ಯವಂತರಲ್ಲಿ ಎರಡರ ಬೂದುಬಣ್ಣವೂ ಹೆಚ್ಚುಕಡಿಮೆ ಒಂದೇ; ನನ್ನ ಲಿವರು ಮೂತ್ರಪಿಂಡಕ್ಕಿಂತ ಎದ್ದು ಕಾಣುವಷ್ಟು ಬೆಳ್ಳಗಿತ್ತು. ಕೊಬ್ಬು ಧ್ವನಿತರಂಗಗಳನ್ನು ಹೆಚ್ಚು ಹಿಂದಿರುಗಿಸುವುದರಿಂದ ಹಾಗೆ ಕಾಣುತ್ತದೆ. ವರದಿಯಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದು ಬರೆದಿತ್ತು. ಗ್ರೇಡ್ ಎನ್ನುವುದು ನೋಡುವವರ ಕಣ್ಣಿನ ಅಂದಾಜು, ಲಿವರಿನಲ್ಲಿ ಗಾಯ ಕಟ್ಟಲು ಶುರುವಾಗಿದೆಯೇ ಎಂಬುದನ್ನು ಅದು ಹೇಳುವುದಿಲ್ಲವೆಂದು ವೈದ್ಯೆ ಮುಂದಿನ ವಾರ ಫೈಬ್ರೋಸ್ಕ್ಯಾನ್‌ಗೆ ಕಳುಹಿಸಿದರು.

ಅದಕ್ಕೆ ಮೂರು ಗಂಟೆ ಹೊಟ್ಟೆಗೆ ಏನೂ ಹಾಕದೆ ಹೋಗಬೇಕು. ಬಲಗೈಯನ್ನು ತಲೆಯ ಹಿಂದಕ್ಕೆ ಚಾಚಿ ಮಲಗಿದರೆ ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗುತ್ತದೆ, ಅಲ್ಲಿ ಜೆಲ್ ಹಚ್ಚಿ ಒಂದು ಗುಂಡನೆಯ ತುದಿಯ ಉಪಕರಣವನ್ನು ಊರುತ್ತಾರೆ. ಪ್ರತಿ ಸಲವೂ ಯಾರೋ ಪಕ್ಕೆಗೆ ಬೆರಳಿನಿಂದ ಟಕ್ಕೆಂದು ಹೊಡೆದಂತಾಗುತ್ತದೆ, ನೋವೇನಿಲ್ಲ. ಆ ಪೆಟ್ಟಿನ ತರಂಗ ಲಿವರಿನೊಳಗೆ ಎಷ್ಟು ವೇಗವಾಗಿ ಸಾಗಿತೆಂಬುದನ್ನು ಅಳೆದು ಯಂತ್ರವು ಲಿವರಿನ ಗಡಸುತನವನ್ನು ಹೇಳುತ್ತದೆ, ಏಕೆಂದರೆ ಗಟ್ಟಿಯಾದಷ್ಟೂ ವೇಗ ಹೆಚ್ಚು. ಹತ್ತು ಸರಿಯಾದ ಅಳತೆಗಳು ಸಿಗುವವರೆಗೆ ಹೀಗೆ ತಟ್ಟುತ್ತಾರೆ. ನನ್ನ ಗಡಸುತನ 5.4 ಕಿಲೋಪಾಸ್ಕಲ್, ಅಂದರೆ ಗಾಯದ ಲಕ್ಷಣವಿಲ್ಲ. ಕೊಬ್ಬಿನ ಅಂಕಿ ಮಾತ್ರ 286. ಆ ಅಳತೆ 100ರಿಂದ 400ರವರೆಗೆ ಹೋಗುತ್ತದೆ, ಸುಮಾರು 250 ದಾಟಿದರೆ ಕೊಬ್ಬು ಕೂಡಿದೆಯೆಂದು ಅರ್ಥ.

ಇದಾದ ಮೇಲೆ ನನ್ನದೇ ಕುತೂಹಲಕ್ಕೆ ಬೆಂಗಳೂರಿನಲ್ಲಿ ಡೆಕ್ಸಾ ಸ್ಕ್ಯಾನನ್ನೂ ಮಾಡಿಸಿದೆ. ಚಿಕಿತ್ಸೆಗೆ ಅದರ ಅಗತ್ಯವಿಲ್ಲವೆಂದು ವೈದ್ಯೆ ಹೇಳಿದ್ದರು, ಆ ಮಾತು ಸರಿಯೇ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇಗಳನ್ನು ಮೈಮೇಲೆ ಹಾಯಿಸಿ ಎಲುಬು, ಕೊಬ್ಬು, ಉಳಿದ ಮಾಂಸಲ ಭಾಗ ಎಷ್ಟೆಷ್ಟೆಂದು ಬಿಡಿಸಿ ಹೇಳುವ ಈ ಯಂತ್ರ ನನ್ನ 64 ಕಿಲೋದಲ್ಲಿ ಶೇಕಡ 31 ಕೊಬ್ಬು ಎಂದು ತೋರಿಸಿತು. ಮುದ್ರಿಸಿ ಕೊಟ್ಟ ಚಿತ್ರದಲ್ಲಿ ತೋಳು, ತೊಡೆಗಳು ಸಪೂರವಾಗಿದ್ದವು, ಹಳದಿ ಬಣ್ಣವೆಲ್ಲ ನಡುಭಾಗದಲ್ಲಿ ಗುಂಪುಗೂಡಿತ್ತು. ನನಗೆ ಕೊಬ್ಬು ಹೆಚ್ಚಿರುವಷ್ಟೇ ಮಾಂಸಖಂಡ ಕಡಿಮೆಯಿತ್ತೆಂಬುದು ಅಲ್ಲಿ ಕಂಡಿತು. ಎರಡೂ ಸೇರಿ ತೂಕವನ್ನು ‘ಸಾಮಾನ್ಯ’ದಲ್ಲಿ ನಿಲ್ಲಿಸಿದ್ದವು.

ನನ್ನಂಥವರು ನಮ್ಮಲ್ಲಿ ಅಪರೂಪವೇನಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರ ಹಾಕಿ ಒಂದು ಪುಟದ ಟಿಪ್ಪಣಿ ಬರೆದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ದೇಹದಲ್ಲಿ ಶೇಕಡ 21.2. ಭಾರತೀಯರ ಈ ಮೈಕಟ್ಟು ಹುಟ್ಟಿನಿಂದಲೇ ಶುರುವಾಗುತ್ತದೆಂದು ಯಾಜ್ಞಿಕರ ತಂಡ ತೋರಿಸಿದೆ: ಪುಣೆಯ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳದು 3.5 ಕಿಲೋ. ನಮ್ಮ ಮಕ್ಕಳಿಗೆ ಕಡಿಮೆ ಬಿದ್ದದ್ದು ಮುಖ್ಯವಾಗಿ ಮಾಂಸಖಂಡ. ಬೆನ್ನಿನ ಚರ್ಮದಡಿಯ ಕೊಬ್ಬಿಗೆ ಅಷ್ಟು ಕೊರತೆಯಾಗಿರಲಿಲ್ಲ.

ಈ ಸಂಶೋಧನೆಯಲ್ಲಿ ನಮ್ಮೂರಿನ ಪಾಲೂ ಇದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಎಂದು ಮೈಸೂರಿಗರೆಲ್ಲ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಮಕ್ಕಳ ಜನನ ತೂಕವನ್ನು ದಾಖಲಿಸಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಊರಿನಲ್ಲೇ ಉಳಿದಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತೆಂದು 1996ರಲ್ಲಿ ಪ್ರಕಟವಾಯಿತು. ನಾನೂ ಅದೇ ಆಸ್ಪತ್ರೆಯಲ್ಲಿ, ಅಮ್ಮ ಇಂದಿಗೂ ಹೇಳುವಂತೆ ‘ನಾಲ್ಕೂಮುಕ್ಕಾಲು ಪೌಂಡಿನ ಕೂಸಾಗಿ’ ಹುಟ್ಟಿದವನು. ಅದು ಎರಡು ಕಿಲೋಗೆ ಸ್ವಲ್ಪ ಮೇಲೆ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಲೇಬೇಕು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಎತ್ತರ 157 ಸೆಂಟಿಮೀಟರ್, ತೂಕ 66 ಕಿಲೋ. ಬಿಎಂಐ 26.8 ಆಗುವುದರಿಂದ ತಪಾಸಣೆಗೆ ಹೋದಲ್ಲೆಲ್ಲ ಅವಳಿಗೆ ‘ಬೊಜ್ಜು’ ಎಂಬ ಷರಾ, ನೆಂಟರ ಮದುವೆಗಳಲ್ಲಿ ತೆಳ್ಳಗಾಗು ಎಂಬ ಉಪದೇಶ. ನನ್ನ ವರದಿ ನೋಡಿದ ಮೇಲೆ ಅವಳನ್ನೂ ಅಳೆಸಿದೆವು: ಸೊಂಟ 79, ಪೃಷ್ಠ 105, ಅನುಪಾತ 0.75. ಎಚ್‌ಬಿಎ1ಸಿ 5.3, ಟ್ರೈಗ್ಲಿಸರೈಡ್ 96, ಲಿವರು ಸ್ವಚ್ಛ. ‘ಇಷ್ಟು ದಿನ ನನ್ನನ್ನು ಆಡಿಕೊಂಡೆಯಲ್ಲೋ, ಈಗ ಹೇಳು’ ಎಂದಳು.

ತೊಡೆ, ಪೃಷ್ಠಗಳ ಕೊಬ್ಬು ಊಟದ ನಂತರ ರಕ್ತಕ್ಕೆ ಬರುವ ಕೊಬ್ಬನ್ನು ಹೀರಿ ಬಹುಕಾಲ ಭದ್ರವಾಗಿ ಇಟ್ಟುಕೊಳ್ಳುತ್ತದೆ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕೊಬ್ಬನ್ನು ಅತ್ತ ಕಳುಹಿಸುತ್ತದೆ. ಚರ್ಮದಡಿಯ ಈ ಕಣಜ ದೊಡ್ಡದಿದ್ದವರಿಗೆ ಹೆಚ್ಚಿನ ದವಸ ಅಲ್ಲೇ ಹಿಡಿಸುತ್ತದೆ, ಕಣಜ ಚಿಕ್ಕದಿದ್ದವರಿಗೆ ಅದು ಉಕ್ಕಿ ಲಿವರು, ಮಾಂಸಖಂಡ, ಮೇದೋಜೀರಕ ಗ್ರಂಥಿಗಳಲ್ಲಿ ಚೆಲ್ಲಿಕೊಳ್ಳುತ್ತದೆ. ಹುಟ್ಟಿನಿಂದಲೇ ಚರ್ಮದಡಿಯಲ್ಲಿ ಕೊಬ್ಬೇ ಇಲ್ಲದಂತಾಗುವ ಲೈಪೋಡಿಸ್ಟ್ರಫಿ ಎಂಬ ಅಪರೂಪದ ಕಾಯಿಲೆಯಲ್ಲಿ, ನೋಡಲು ತೀರಾ ಸಣಕಲಾದವರಿಗೂ ತೀವ್ರ ಸಕ್ಕರೆ ಕಾಯಿಲೆ, ಫ್ಯಾಟಿ ಲಿವರು ಬರುವುದು ಇದಕ್ಕೇ. ಅಭ್ಯಾಸ ಬಿಡದ ಜಪಾನಿನ ಸುಮೋ ಮಲ್ಲರಲ್ಲಿ ಅಷ್ಟು ದೊಡ್ಡ ಹೊಟ್ಟೆಯಿದ್ದರೂ ಅದು ಬಹುಪಾಲು ಚರ್ಮದಡಿಯದೇ ಆಗಿರುತ್ತದೆ, ಅವರ ಸಕ್ಕರೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹಾಗೆಂದು ಅಕ್ಕನಿಗೆ ಎಲ್ಲವೂ ಕ್ಷೇಮವೆಂದೇನಿಲ್ಲ. ಮಂಡಿ ನೋವಿಗೆ ಕೊಬ್ಬು ಎಲ್ಲಿದೆಯೆಂಬುದು ಲೆಕ್ಕಕ್ಕೆ ಬರುವುದಿಲ್ಲ, ಭಾರವೆಲ್ಲ ಮಂಡಿಗೇ. ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆಯ ಕಡೆ ಸರಿಯುವುದರಿಂದ ವರ್ಷಕ್ಕೊಮ್ಮೆ ಟೇಪು ಹಿಡಿಯಬೇಕೆಂದು ಅವಳಿಗೂ ಹೇಳಿದರು.

ಒಳಗೊಬ್ಬನ್ನು ಹೇಗೆ ಕರಗಿಸುವುದು ಎಂಬ ಪ್ರಶ್ನೆಗೆ ಬಂದಾಗ ನನಗೆ ಸಿಕ್ಕ ಸಲಹೆಗಳಿಗೆ ಲೆಕ್ಕವಿಲ್ಲ. ಸಹೋದ್ಯೋಗಿಯೊಬ್ಬರು ಹೊಟ್ಟೆಗೆ ಕಟ್ಟಿಕೊಳ್ಳುವ ಬೆವರಿನ ಪಟ್ಟಿ ತಂದುಕೊಟ್ಟರು. ಲೈಪೋಸಕ್ಷನ್ ಮಾಡಿಸಬಹುದಲ್ಲ ಎಂದರು ಇನ್ನೊಬ್ಬರು. ಅಮೆರಿಕದಲ್ಲಿ 15 ಮಂದಿ ಸ್ಥೂಲಕಾಯದ ಮಹಿಳೆಯರ ಹೊಟ್ಟೆಯಿಂದ ಹೀಗೆ ಒಂಬತ್ತು ಹತ್ತು ಕಿಲೋ ಕೊಬ್ಬು ಹೀರಿ ತೆಗೆದು ಕೆಲವು ವಾರಗಳ ನಂತರ ಪರೀಕ್ಷಿಸಿದರೆ ಇನ್ಸುಲಿನ್, ಸಕ್ಕರೆ, ರಕ್ತದೊತ್ತಡ ಯಾವುದೂ ಸುಧಾರಿಸಿರಲಿಲ್ಲವೆಂದು 2004ರಲ್ಲೇ ವರದಿಯಾಗಿದೆ. ಹೀರಿದ್ದು ಚರ್ಮದಡಿಯದು, ತೊಂದರೆ ಕೊಡುವುದು ಒಳಗಿನದು. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಕರಗುವುದೂ ಇಲ್ಲ. ಆದರೆ ಒಟ್ಟಾರೆ ಕೊಬ್ಬು ಇಳಿಯತೊಡಗಿದಾಗ ಒಳಗೊಬ್ಬು ಉಳಿದದ್ದಕ್ಕಿಂತ ಬೇಗ ಇಳಿಯುತ್ತದೆ. ಈ ಕೊಬ್ಬಿನ ಬಗ್ಗೆ ಕೇಳಿದ ಸುದ್ದಿಗಳಲ್ಲಿ ನನಗೆ ಸಮಾಧಾನ ತಂದದ್ದು ಇದೊಂದೇ.

ವೈದ್ಯೆ ನನಗೆ ತೂಕದ ಗುರಿ ಕೊಡಲಿಲ್ಲ. ಈಗಾಗಲೇ ಮಾಂಸಖಂಡ ಕಡಿಮೆಯಿರುವವನು ಉಪವಾಸ ಬಿದ್ದು ಐದಾರು ಕಿಲೋ ಇಳಿಸಿಕೊಂಡರೆ ಅದರಲ್ಲಿ ಮಾಂಸಖಂಡವೂ ಹೋಗುತ್ತದೆ, ಊಟದ ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಜಾಗವೇ ಕುಗ್ಗುತ್ತದೆ ಎಂದರು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆಯನ್ನು ಬದಲಾಯಿಸಿಕೊಂಡಾಗ, ಸರಾಸರಿ ತೂಕ ಇಳಿಯದಿದ್ದರೂ ಕಾಯಿಲೆಗೆ ತಿರುಗುವ ಅಪಾಯ ಶೇಕಡ 28.5ರಷ್ಟು ತಗ್ಗಿತ್ತು. ಹಾಗಾಗಿ ಗುರಿ ಇದ್ದದ್ದು ಎರಡು: ಸೊಂಟ 85ಕ್ಕೆ ಬರಬೇಕು, ತೊಡೆ ಮತ್ತು ತೋಳು ಬೆಳೆಯಬೇಕು.

ಊಟದಲ್ಲಿ ಮಾಡಿಕೊಂಡ ಬದಲಾವಣೆ ಕೇಳಲು ಸಣ್ಣದು, ಮಾಡಲು ಕಷ್ಟದ್ದು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಬ್ಯಾಂಕಿನ ಸಕ್ಕರೆ ಕಾಫಿಯ ಜೊತೆ ಬೋಂಡ, ರಾತ್ರಿ ಮತ್ತೆ ಅನ್ನ ಎಂಬ ನಮ್ಮ ದಿನಚರಿಯಲ್ಲಿ ಬೇಳೆಕಾಳು ಬರುವುದು ಸಾರಿನ ತಳದಲ್ಲಿ ಮಾತ್ರ. ಆಹಾರ ತಜ್ಞೆ ತಟ್ಟೆಯ ಅನ್ನವನ್ನು ಅರ್ಧ ಮಾಡಿಸಿ, ಆ ಜಾಗಕ್ಕೆ ಹೆಸರುಕಾಳಿನ ಉಸಲಿ, ಹುರುಳಿ, ಮೊಟ್ಟೆ, ಗಟ್ಟಿ ಮೊಸರು, ಸೊಪ್ಪಿನ ಪಲ್ಯ ತಂದರು. ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮ ಮನೆಯಲ್ಲೂ ಇತ್ತು. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚಿದ್ದರೂ ಅದೂ ಪಿಷ್ಟವೇ, ಎರಡು ದೊಡ್ಡ ಮುದ್ದೆ ಎರಡು ದೊಡ್ಡ ತಟ್ಟೆ ಅನ್ನಕ್ಕೆ ಬಹಳ ದೂರವಿಲ್ಲ. ಹೆಂಡತಿ ಮೊದಲ ತಿಂಗಳು, ‘ಇಷ್ಟು ಕಡಿಮೆ ಉಂಡರೆ ಇನ್ನೂ ಸೊರಗಿಹೋಗ್ತೀರಿ ರೀ’ ಎಂದು ದಿನಾ ಬಡಿಸುವಾಗ ಹೇಳುತ್ತಿದ್ದಳು. ಕೆನ್ನೆ ಒಣಗಿದ್ದನ್ನೇ ಕಾಯಿಲೆಯೆಂದು ನೋಡುವ ನೆರೆಹೊರೆಯಲ್ಲಿ ತೆಳ್ಳಗಿರುವವನು ಪಥ್ಯ ಮಾಡುವುದನ್ನು ವಿವರಿಸುವುದು ಪಥ್ಯಕ್ಕಿಂತ ಕಷ್ಟ.

ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬಿರುಸಿನ ನಡಿಗೆ, ವಾರದ ಕೆಲವು ಸಂಜೆ ಮನೆಯಲ್ಲೇ ಡಂಬೆಲ್ ಹಿಡಿದು ಬಸ್ಕಿ, ಭಾನುವಾರಗಳಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು. ಮೊದಮೊದಲು ನಂದಿಯವರೆಗೆ ಹತ್ತುವುದರೊಳಗೆ ತೊಡೆ ನಡುಗುತ್ತಿತ್ತು, ಏದುಸಿರು ಬರುವ ಮುಂಚೆಯೇ ಕಾಲು ಸೋಲುತ್ತಿತ್ತು. ಡೆಕ್ಸಾ ಚಿತ್ರದ ಸಪೂರ ತೊಡೆಗಳ ಅರ್ಥ ನನಗೆ ಸರಿಯಾಗಿ ತಿಳಿದದ್ದು ಆ ಮೆಟ್ಟಿಲುಗಳ ಮೇಲೆ.

ತೂಕದ ಯಂತ್ರ ಬಹಳ ಕಾಲ ಏನನ್ನೂ ಹೇಳಲಿಲ್ಲ. ಮುಂದಿನ ದಸರಾ ಹೊತ್ತಿಗೆ ಇಳಿದಿದ್ದದ್ದು ಬರೀ ಎರಡು ಕಿಲೋ. ಅದೇ ನರ್ಸಮ್ಮ ಅದೇ ರೀತಿ ಮೂರು ಗೆರೆ ಹಾಕಿ ಅಳೆದರೆ ಸೊಂಟ 87. ಎಚ್‌ಬಿಎ1ಸಿ 5.7ಕ್ಕೆ, ಟ್ರೈಗ್ಲಿಸರೈಡ್ 148ಕ್ಕೆ ಇಳಿದಿದ್ದವು, ಫೈಬ್ರೋಸ್ಕ್ಯಾನಿನ ಕೊಬ್ಬಿನ ಅಂಕಿ 241 ಆಗಿತ್ತು. ಎಚ್‌ಡಿಎಲ್ ಮಾತ್ರ 37ಕ್ಕಿಂತ ಮೇಲೇಳಲಿಲ್ಲ. ಅದು ಅಷ್ಟು ಬೇಗ ಬಗ್ಗುವಂಥದ್ದಲ್ಲ, ಅದರಲ್ಲಿ ವಂಶದ ಪಾಲೂ ಇರುತ್ತದೆ ಎಂದರು ವೈದ್ಯೆ. ಮಾತ್ರೆ ಬರೆಯುವ ವಿಚಾರವನ್ನು ಇನ್ನಾರು ತಿಂಗಳು ಮುಂದೂಡಿದ್ದಾರೆ, ಅಷ್ಟರಲ್ಲಿ ಉಳಿದ ಎರಡು ಸೆಂಟಿಮೀಟರ್ ಹೋಗಬೇಕು.

ಬ್ಯಾಂಕಿನ ತಪಾಸಣೆ ಈ ವರ್ಷವೂ ನಡೆಯಿತು. ತೂಕ ಸಾಮಾನ್ಯ ಎಂದೇ ಬರೆದಿದ್ದಾರೆ. ನಮೂನೆಯಲ್ಲಿ ಸೊಂಟದ ಅಳತೆಗೆ ಒಂದು ಅಂಕಣ ಸೇರಿಸಬೇಕೆಂದು ಸಿಬ್ಬಂದಿ ವಿಭಾಗಕ್ಕೆ ಅರ್ಜಿ ಕೊಟ್ಟಿದ್ದೇನೆ. ತಗಲುವ ವೆಚ್ಚವೆಷ್ಟು ಎಂದು ಕೇಳಿ ಉತ್ತರ ಬಂದಿದೆ.